ಹೆಣ್ಣಿನ ಒಲವು, ಲೋಕದ ಲಜ್ಜೆ

ಧರ್ಮ, ಅರ್ಥ, ಕಾಮ, ಮೋಕ್ಷಗಳನ್ನು ಭಾರತೀಯ ಶಾಸ್ತ್ರಕಾರರು ಪುರುಷಾರ್ಥಗಳೆಂದು ಕರೆದರು. ಇಲ್ಲಿ ಪುರುಷನೆಂದರೆ ಗಂಡಸಲ್ಲ, ಮನುಷ್ಯಮಾತ್ರನೆಂದು ಪಂಡಿತರು ಅರ್ಥ ಹೇಳುವುದುಂಟು. ಅದು ಒಪ್ಪತಕ್ಕ ಮಾತೇ. ಆದರೆ ವ್ಯವಹಾರದಲ್ಲಿ ಆದುದೇನು? ಹೆಣ್ಣಿಗೆ ಧರ್ಮವೆಂದರೆ ಪತಿಸೇವೆ, ಅರ್ಥವೆಂದರೆ ಪತಿಯ ಗಳಿಕೆ, ಮೋಕ್ಷವೆಂದರೆ ಪತಿಯ ಪುಣ್ಯದಲ್ಲಿ ಪಾಲು ಎಂದಾಯಿತು. ಇನ್ನುಳಿದ ಕಾಮದ ವಿಷಯದಲ್ಲಂತೂ ಅವಳನ್ನು ಮಾತನಾಡಿಸಿದವರೇ ವಿರಳ. ಅವಳ ಕಾಮವನ್ನು ಕುರಿತು ಬರೆದವರು ಬಹುಮಂದಿ. ಬರೆದವರೆಲ್ಲರೂ ಹೆಚ್ಚುಕಡಿಮೆ ಗಂಡಸರೇ. ವಾತ್ಸ್ಯಾಯನನು ತನ್ನ ಕಾಮಸೂತ್ರದಲ್ಲಿ ಹೆಣ್ಣಿನ ಸುಖದ ಸ್ವರೂಪವೇನೆಂಬ ಪ್ರಶ್ನೆಯನ್ನೆತ್ತಿ, ಔದ್ದಾಲಕಿಯ ಮತವನ್ನೂ ಬಾಭ್ರವ್ಯನ ಅನುಯಾಯಿಗಳ ಮತವನ್ನೂ ಮುಂದಿಟ್ಟು, ಅನಂತರ ತನ್ನ ಸಿದ್ಧಾಂತವನ್ನು ಹೇಳುತ್ತಾನೆ. ಹೆಣ್ಣಿಗೂ ಸುಖವುಂಟೆಂದು ಆತನು ಒಪ್ಪಿದುದು ದೊಡ್ಡ ಮಾತೆನ್ನಬೇಕು. ಆದರೆ ಆ ವಾದಸಭೆಗೆ ಸಾಕ್ಷಿ ನುಡಿಯಲು ಒಬ್ಬ ಹೆಣ್ಣುಮಗಳನ್ನೂ ಕರೆಯಲಿಲ್ಲ.

ಹೀಗೆ ಅವಳನ್ನು ಕೇಳದೆಯೇ ಅವಳ ಸ್ವಭಾವವನ್ನು ನಿರ್ಣಯಿಸಿದವರ ಮಾತುಗಳಲ್ಲಿ ಒಂದು ವಿಚಿತ್ರವಾದ ವೈರುಧ್ಯವು ಕಂಡುಬರುತ್ತದೆ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದ ಪ್ರಕಾರ ಸ್ತ್ರೀಯರು ರೂಪವನ್ನಾಗಲಿ ವಯಸ್ಸನ್ನಾಗಲಿ ನೋಡುವವರಲ್ಲ. ಅವರ ಚಾಪಲ್ಯ ಹುಟ್ಟುಗುಣ. ಆದಕಾರಣ ಅವರನ್ನು ಹಗಲಿರುಳು ಕಾಯಬೇಕು. ಇದಕ್ಕೆ ನೇರ ವಿರುದ್ಧವಾಗಿ, 1857ರಲ್ಲಿ ವಿಲಿಯಂ ಆ್ಯಕ್ಟನ್ ಎಂಬ ಇಂಗ್ಲೆಂಡಿನ ವೈದ್ಯನು, ಸುಶೀಲೆಯರಾದ ಬಹುಪಾಲು ಸ್ತ್ರೀಯರನ್ನು ಅಂಥ ಆಸೆಯು ಬಾಧಿಸುವುದೇ ಇಲ್ಲವೆಂಬ ಅಭಿಪ್ರಾಯವನ್ನು ವೈದ್ಯಶಾಸ್ತ್ರದ ಹೆಸರಿನಲ್ಲಿ ಪ್ರಕಟಿಸಿದನು. ಅವರಲ್ಲಿ ಆಸೆಯೇ ಇಲ್ಲವಾದ್ದರಿಂದ ಅದನ್ನು ತೋರುವವಳು ರೋಗಿಯೋ ಪತಿತೆಯೋ ಆಗಿರಬೇಕೆಂಬುದು ಆ ಕಾಲದ ಗೃಹಸ್ಥರು ಮಾಡಿಕೊಂಡ ಅರ್ಥ. ಒಬ್ಬನು ಹೆಣ್ಣಿಗೆ ಕಾಮವು ಅತಿಯೆಂದನು, ಇನ್ನೊಬ್ಬನು ಇಲ್ಲವೇ ಇಲ್ಲವೆಂದನು. ಹೇತುಗಳು ಉತ್ತರ ದಕ್ಷಿಣವಾಗಿದ್ದರೂ ಹೊರಟ ತೀರ್ಮಾನ ಒಂದೇ: ಅವಳನ್ನು ಕಾಯತಕ್ಕದ್ದು. ಯಾವ ಹೇತುವಿನಿಂದ ಹೊರಟರೂ ಒಂದೇ ಮನೆಗೆ ಬಂದು ಮುಟ್ಟುವ ತರ್ಕದಲ್ಲಿ, ಮನೆಯನ್ನು ಮೊದಲೇ ಕಟ್ಟಿಟ್ಟು ದಾರಿಯನ್ನು ಅನಂತರ ಹಾಕಲಾಗಿದೆಯೆಂದು ಸಂಶಯಪಡುವುದು ನ್ಯಾಯವೇ.

ಇಪ್ಪತ್ತನೆಯ ಶತಮಾನದಲ್ಲಿ ಸ್ತ್ರೀವಾದವೆಂಬ ಹೆಸರು ಪಡೆದ ವಿಚಾರಧಾರೆಯ ಮೂಲಪ್ರಶ್ನೆ ಇದೇ ಆಗಿದೆ. ಫ್ರೆಂಚ್ ವಿಚಾರವಾದಿ ಸಿಮೋನ್ ದ ಬೋವಾ ಎಂಬಾಕೆಯು 1949ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ, ಹೆಣ್ಣಿನ ಸ್ವಭಾವವೆಂದು ಲೋಕವು ಕರೆಯುವುದರಲ್ಲಿ ಬಹುಪಾಲು ಹುಟ್ಟಿನಿಂದ ಬಂದುದಲ್ಲ, ಬೆಳೆಸಿದ ರೀತಿಯಿಂದ ಬಂದುದೆಂದು ವಿಸ್ತಾರವಾಗಿ ಪ್ರತಿಪಾದಿಸಿದಳು. 1970ರಲ್ಲಿ ಅಮೆರಿಕದ ಕೇಟ್ ಮಿಲ್ಲೆಟ್ ಎಂಬಾಕೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಂಡುಹೆಣ್ಣುಗಳ ಶಯ್ಯಾಗೃಹದ ಸಂಬಂಧದಲ್ಲಿಯೂ ಆಳುವವರು ಆಳಿಸಿಕೊಳ್ಳುವವರು ಎಂಬ ರಾಜಕೀಯವುಂಟೆಂದು ವಾದಿಸಿದಳು. ಇವು ಪರದೇಶದ ಮಾತುಗಳು, ಈ ನಾಡಿಗೆ ಸಲ್ಲವು ಎಂದು ತಳ್ಳಿಹಾಕುವವರು ಇದ್ದಾರೆ. ಅಂಥವರು ಪರದೇಶದ ಕಡೆಗೆ ನೋಡಬೇಕಾಗಿಲ್ಲ. ಕನ್ನಡ ಭಾಷೆಯ ಕಡೆಗೆ ಒಮ್ಮೆ ಕಿವಿಗೊಟ್ಟರೆ ಸಾಕು.

ಶೀಲವೆಂಬ ಒಂದು ಶಬ್ದವನ್ನು ತೆಗೆದುಕೊಳ್ಳಬಹುದು. ಶರಣರ ಪರಿಭಾಷೆಯಲ್ಲಿ ಶೀಲವೆಂದರೆ ತಾನಾಗಿ ಕೈಕೊಂಡ ನೇಮ. ಅದು ಮನಸ್ಸಿನ ದೃಢತೆಗೆ ಸೇರಿದ್ದು, ಹಿಡಿದವನೇ ಬಿಟ್ಟಾಗ ಮಾತ್ರ ಕೆಡತಕ್ಕದ್ದು. ಇಂದಿಗೂ ಒಬ್ಬ ಗಂಡಸನ್ನು ಶೀಲವಂತನೆಂದರೆ ಸತ್ಯವಂತ, ನಡೆನುಡಿಯಲ್ಲಿ ಶುದ್ಧ, ಕೊಟ್ಟ ಮಾತಿಗೆ ತಪ್ಪದವನು ಎಂದು ಕೇಳುವವರು ತಿಳಿಯುತ್ತಾರೆ. ಅದೇ ಶಬ್ದವನ್ನು ಹೆಣ್ಣಿನ ವಿಷಯದಲ್ಲಿ ಆಡಿದೊಡನೆಯೇ ಅರ್ಥವು ಕುಗ್ಗಿ ಕುಗ್ಗಿ ದೇಹದ ಒಂದು ವಿಷಯಕ್ಕೆ ಬಂದು ನಿಲ್ಲುತ್ತದೆ. ಅವಳು ಸುಳ್ಳು ಹೇಳಿದರೆ, ಸಾಲ ತೀರಿಸದಿದ್ದರೆ, ಬಡವರನ್ನು ಹಿಂಸಿಸಿದರೆ ಶೀಲ ಕೆಟ್ಟಿತೆಂದು ಯಾರೂ ಅನ್ನುವುದಿಲ್ಲ. ಮತ್ತೊಬ್ಬನು ಬಲಾತ್ಕಾರ ಮಾಡಿದರೆ ಮಾತ್ರ ಅವಳ ಶೀಲ ಕೆಟ್ಟಿತೆನ್ನುತ್ತಾರೆ. ಮಾನಭಂಗವೆಂಬ ಶಬ್ದದ ಗತಿಯೂ ಇದೇ. ಅಪಕೃತ್ಯವನ್ನು ಎಸಗಿದವನು ಗಂಡಸು. ಮುರಿದುಹೋದದ್ದು ಅವನ ಮಾನವಲ್ಲ, ಅವಳದು! ತಪ್ಪು ಮಾಡಿದವನೊಬ್ಬ, ಲಜ್ಜೆ ಪಡಬೇಕಾದವಳು ಮತ್ತೊಬ್ಬಳು ಎಂಬ ಈ ವ್ಯವಸ್ಥೆಯನ್ನು ಯಾವ ಶಾಸನಸಭೆಯೂ ಅಂಗೀಕರಿಸಲಿಲ್ಲ. ಮಗುವು ಮಾತು ಕಲಿಯುವಾಗ ಶಬ್ದಗಳ ಜೊತೆಯಲ್ಲಿಯೇ ಇದನ್ನೂ ಕಲಿಯುತ್ತದೆ. ತಗ್ಗಿ ನಡೆ, ಗಟ್ಟಿಯಾಗಿ ನಗಬೇಡ, ಸೆರಗು ಸರಿಮಾಡಿಕೊ ಎಂದು ಹೇಳಿಸಿಕೊಂಡು ಬೆಳೆದ ಹುಡುಗಿ, ತನ್ನ ದೇಹವು ತನ್ನದಲ್ಲ, ನೋಡುವವರದು ಎಂಬುದನ್ನು ಹತ್ತು ಹನ್ನೆರಡರ ವಯಸ್ಸಿನೊಳಗೆ ಅರಿತುಬಿಟ್ಟಿರುತ್ತಾಳೆ. ಅನಂತರ ಅವಳಿಗೆ ಲಜ್ಜೆಯು ಸಹಜಗುಣವೆಂದು ಕವಿಗಳು ಹೊಗಳುತ್ತಾರೆ.

ಲಜ್ಜೆಯ ಈ ಪ್ರಶ್ನೆಯನ್ನು ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ನೇರವಾಗಿ ಎದುರಿಸಿದವಳು ಉಡುತಡಿಯ ಮಹಾದೇವಿಯಕ್ಕ. ಶೂನ್ಯಸಂಪಾದನೆಯಲ್ಲಿ ಬರುವ ಅಲ್ಲಮಪ್ರಭು ಮತ್ತು ಅಕ್ಕನ ಸಂವಾದವನ್ನು ಬಲ್ಲವರೆಲ್ಲರಿಗೂ ಆ ಸನ್ನಿವೇಶವು ಪರಿಚಿತವಾದುದು. ಉಡುಗೆಯನ್ನು ತೊರೆದವಳು ಕೂದಲಿನಿಂದ ಮೈಯನ್ನು ಮರೆಮಾಡಿಕೊಂಡಿರುವುದೇಕೆಂದು ಪ್ರಭುದೇವರು ಪ್ರಶ್ನಿಸುತ್ತಾರೆ. ಲಜ್ಜೆಯು ಇನ್ನೂ ಉಳಿದಿದ್ದರೆ ವೈರಾಗ್ಯವು ಪೂರ್ಣವಾಗಲಿಲ್ಲವೆಂಬುದು ಪ್ರಶ್ನೆಯ ಮೊನೆ. ಅಕ್ಕನು ಕೊಡುವ ಉತ್ತರದ ತಾತ್ಪರ್ಯವನ್ನು ಗಮನಿಸಬೇಕು. ಆ ಮರೆಯು ತನ್ನ ನಾಚಿಕೆಯಿಂದ ಬಂದದ್ದಲ್ಲ, ನೋಡುವವರಿಗೆ ನೋವಾಗದಿರಲೆಂದು ಇಟ್ಟದ್ದೆಂದು ಆಕೆ ಹೇಳುತ್ತಾಳೆ. ಒಂದೇ ಮಾತಿನಿಂದ ಲಜ್ಜೆಯ ವಿಳಾಸವೇ ಬದಲಾಯಿತು. ಅದುವರೆಗೆ ಹೆಣ್ಣಿನ ಮೈಯಲ್ಲಿದೆಯೆಂದು ಎಲ್ಲರೂ ನಂಬಿದ್ದ ಲಜ್ಜೆ ನೋಡುವವನ ಕಣ್ಣಿನಲ್ಲಿದೆಯೆಂದು ತೋರಿಸಿಕೊಟ್ಟಂತಾಯಿತು. ಇನ್ನೊಂದು ವಚನದಲ್ಲಿ ಆಕೆ ಮಾಯೆಯ ವಿಷಯದಲ್ಲಿಯೂ ಇದೇ ಕ್ರಮದಲ್ಲಿ ವಿಚಾರ ಮಾಡಿದ್ದಾಳೆ. ಗಂಡಿಗೆ ಹೆಣ್ಣು ಮಾಯೆಯಾಗಿ ಕಾಡುವಂತೆ ಹೆಣ್ಣಿಗೆ ಗಂಡು ಮಾಯೆಯಾಗಿ ಕಾಡುತ್ತಾನೆಂಬುದು ಅಲ್ಲಿನ ಅಭಿಪ್ರಾಯ. ವೈರಾಗ್ಯಬೋಧೆಯ ಗ್ರಂಥಗಳೆಲ್ಲವೂ ಹೆಣ್ಣನ್ನು ಮಾಯೆಯೆಂದು ಜರೆಯುತ್ತಿದ್ದ ಕಾಲದಲ್ಲಿ, ಆ ಮಾತನ್ನು ತಕ್ಕಡಿಗೆ ಹಾಕಿ ಎರಡೂ ತಟ್ಟೆಗಳನ್ನು ಸಮಮಾಡಿದ ಧೈರ್ಯವು ಸಾಮಾನ್ಯವಾದುದಲ್ಲ. ಕಾಮಿಸುವವನು ಗಂಡು, ಕಾಮಿತವಾಗುವ ವಸ್ತು ಹೆಣ್ಣು ಎಂಬ ವಿಭಾಗವನ್ನೇ ಅದು ಒಪ್ಪುವುದಿಲ್ಲ. ಹೆಣ್ಣೂ ನೋಡುವವಳು, ಹೆಣ್ಣೂ ಬಯಸುವವಳು, ಬೇಕಾದರೆ ಹೆಣ್ಣೂ ಬಿಡಬಲ್ಲವಳು.

ಹಾಗಾದರೆ ಅಕ್ಕನು ಕಾಮವನ್ನು ಬಿಟ್ಟಳೇ, ಅಥವಾ ಅದಕ್ಕೆ ತಕ್ಕ ಗಂಡನನ್ನು ತಾನೇ ಆರಿಸಿಕೊಂಡಳೇ? ಚೆನ್ನಮಲ್ಲಿಕಾರ್ಜುನನನ್ನು ಕುರಿತ ಆಕೆಯ ವಚನಗಳಲ್ಲಿ ವಿರಹವಿದೆ, ಮುನಿಸಿದೆ, ಕೂಟದ ಹಂಬಲವಿದೆ. ಇವೆಲ್ಲವೂ ಬರಿಯ ರೂಪಕ, ದೇಹಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಸಂಪ್ರದಾಯಸ್ಥರು ಬಿಡಿಸಿ ಹೇಳುತ್ತಾರೆ. ಇವೆಲ್ಲವೂ ಬರಿಯ ದೇಹ, ದೇವರೆಂಬುದು ಮುಸುಕೆಂದು ಕೆಲವರು ಆಧುನಿಕರು ಹೇಳುತ್ತಾರೆ. ಎರಡು ವ್ಯಾಖ್ಯಾನಗಳೂ ಅಕ್ಕನಿಂದ ಏನನ್ನೋ ಕಸಿದುಕೊಳ್ಳುತ್ತವೆ. ತನ್ನ ಬಯಕೆಯು ಯಾರ ಕಡೆಗೆ ಹರಿಯಬೇಕೆಂಬುದನ್ನು ತಂದೆಯಾಗಲಿ ಅರಸನಾಗಲಿ ಗೊತ್ತುಮಾಡತಕ್ಕದ್ದಲ್ಲ, ತಾನೇ ಗೊತ್ತುಮಾಡತಕ್ಕದ್ದೆಂದು ಆಕೆ ನಿಶ್ಚಯಿಸಿದಳು. ಆ ನಿಶ್ಚಯವು ವಚನಗಳ ಯಾವ ಅರ್ಥವನ್ನು ಹಿಡಿದರೂ ಉಳಿಯುತ್ತದೆ.

ಇದನ್ನು ಒಪ್ಪಿಕೊಳ್ಳುವುದು ಮುಂದಿನವರಿಗೆ ಎಷ್ಟು ಕಠಿಣವಾಯಿತೆಂಬುದಕ್ಕೆ ಆಕೆಯ ಮದುವೆಯ ಪ್ರಸಂಗವೇ ನಿದರ್ಶನ. ಹರಿಹರನ ರಗಳೆಯಲ್ಲಿ ಅಕ್ಕನು ಕೌಶಿಕನನ್ನು ವರಿಸುತ್ತಾಳೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಆ ವಿವಾಹವು ನಡೆಯುವುದೇ ಇಲ್ಲ. ಇಪ್ಪತ್ತನೆಯ ಶತಮಾನದ ವಿದ್ವಾಂಸರೂ ಈ ವಿಷಯದಲ್ಲಿ ಬಹುಕಾಲ ವಾದಿಸಿದರು. ಚರಿತ್ರೆಯ ಸತ್ಯವನ್ನು ತಿಳಿಯುವುದು ವಿದ್ವಾಂಸರ ಕರ್ತವ್ಯವೇ ಸರಿ. ಆದರೆ ಆ ವಾದದಲ್ಲಿ ಕಂಡುಬರುವ ಕಾವು ಕೇವಲ ಚರಿತ್ರೆಯದೆಂದು ಹೇಳುವಂತಿಲ್ಲ. ಅಲ್ಲಮನ ಪೂರ್ವಾಶ್ರಮದ ಒಲವನ್ನೂ ಕಾಮಲತೆಯ ಕಥೆಯನ್ನೂ ಹರಿಹರನು ಹೇಳಿದಾಗ ಪ್ರಭುದೇವರ ಮಹಿಮೆಗೆ ಕುಂದು ಬಂದಿತೆಂದು ಅಷ್ಟಾಗಿ ಕಳವಳಗೊಂಡವರು ಕಡಮೆ; ಭೋಗವನ್ನು ಕಂಡು ಬಿಟ್ಟುದರಿಂದ ಅವನ ವೈರಾಗ್ಯಕ್ಕೆ ತೂಕ ಬಂದಿತೆಂದೇ ವ್ಯಾಖ್ಯಾನಿಸುವವರುಂಟು. ಅಕ್ಕನ ವಿಷಯದಲ್ಲಿ ಮಾತ್ರ ಅವಳು ಕನ್ಯೆಯಾಗಿಯೇ ಶ್ರೀಶೈಲವನ್ನು ಮುಟ್ಟಿದಳೇ ಇಲ್ಲವೇ ಎಂಬುದು ಅವಳ ಅನುಭಾವದ ಅಳತೆಗೋಲಾಯಿತು. ಪುರುಷನಿಗೆ ಅನುಭವವೆನಿಸಿದ್ದು ಸ್ತ್ರೀಗೆ ಕಳಂಕವೆನಿಸಬೇಕೇಕೆ? ಅಕ್ಕನ ಪಕ್ಷ ವಹಿಸಿದವರೂ ಈ ಪ್ರಶ್ನೆಯನ್ನು ಕೇಳದೆ ಆಕೆಯ ಕನ್ಯಾತ್ವವನ್ನು ಸಾಧಿಸಲು ಹೊರಟದ್ದು ವಿಷಾದದ ಸಂಗತಿ.

ಶರಣಸತಿ ಲಿಂಗಪತಿ ಎಂಬ ಭಾವದ ವಿಷಯದಲ್ಲಿಯೂ ಒಂದು ಮಾತನ್ನು ಹೇಳಬೇಕಾಗಿದೆ. ಉರಿಲಿಂಗದೇವ, ಗಜೇಶ ಮಸಣಯ್ಯ ಮೊದಲಾದ ಶರಣರು ತಮ್ಮನ್ನು ಸತಿಯೆಂದು ಭಾವಿಸಿಕೊಂಡು ಹೆಣ್ಣಿನ ವಿರಹವನ್ನು ಅತ್ಯಂತ ಮನೋಹರವಾಗಿ ನುಡಿದರು. ಗಂಡೆಂಬ ಅಭಿಮಾನವನ್ನು ಕರಗಿಸುವ ಸಾಧನೆ ಅದು. ಅದರ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಗಂಡಸು ಹೆಣ್ಣಾಗಿ ಹಂಬಲಿಸಿದಾಗ ಅವನಿಗೆ ದೊರೆಯುವುದು ಭಕ್ತನೆಂಬ ಗೌರವ. ಹೆಣ್ಣೇ ಹೆಣ್ಣಾಗಿ ಹಂಬಲಿಸಿದರೆ ಅವಳನ್ನು ಬೀದಿಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಅವನು ಹಂಬಲವನ್ನು ಮಾತ್ರ ಎರವಲು ಪಡೆದನು, ಅದಕ್ಕೆ ತಗಲುವ ದಂಡವನ್ನು ಪಡೆಯಲಿಲ್ಲ.

ದಂಡದ ಮಾತು ಬಂದಾಗ ಸೂಳೆ ಸಂಕವ್ವೆಯನ್ನು ನೆನೆಯದಿರಲಾಗದು. ಆಕೆಯದೆಂದು ಉಳಿದುಬಂದಿರುವುದು ಒಂದೇ ಒಂದು ವಚನ. ಒಬ್ಬನಿಂದ ಒತ್ತೆಯನ್ನು ಹಿಡಿದ ಮೇಲೆ ಮತ್ತೊಬ್ಬನ ಒತ್ತೆಯನ್ನು ಹಿಡಿಯುವುದಿಲ್ಲವೆಂದೂ, ಹಿಡಿದರೆ ತನಗೆ ಒದಗುವ ಘೋರಶಿಕ್ಷೆ ಇಂಥದೆಂದೂ, ಆದಕಾರಣ ತಪ್ಪುವವಳಲ್ಲವೆಂದೂ ಆಕೆ ತನ್ನ ದೇವರಿಗೆ ಮಾತು ಕೊಡುತ್ತಾಳೆ. ಏಕನಿಷ್ಠೆಗೆ ಇದು ಉತ್ತಮ ದೃಷ್ಟಾಂತವೆಂದು ವ್ಯಾಖ್ಯಾನಕಾರರು ಹೇಳುವುದು ಸರಿಯೇ. ಆದರೆ ದೃಷ್ಟಾಂತದ ಒಳಗೆ ಒಂದು ನಿಜವಾದ ಬಾಳು ಅಡಗಿದೆ. ಬತ್ತಲೆ ನಿಲ್ಲಿಸಿ ಕೊಲ್ಲುವ, ಅಂಗಾಂಗಗಳನ್ನು ಕೊಯ್ಯುವ ಆ ದಂಡವು ಬೀಳುವುದು ಅವಳ ಮೈಮೇಲೆ. ಒತ್ತೆ ಕೊಟ್ಟ ಗಂಡಸಿಗೆ ಏನಾಗುವುದೆಂಬ ಪ್ರಸ್ತಾಪವೇ ಅಲ್ಲಿಲ್ಲ. ಆಕೆಯ ಅಂಕಿತವಾದರೂ ಎಂಥದು! ನಿರ್ಲಜ್ಜೇಶ್ವರ. ಲೋಕವು ತನಗೆ ಅಂಟಿಸಿದ ಲಜ್ಜೆಗೇಡಿತನದ ಬಿರುದನ್ನು ಆಕೆ ತನ್ನ ದೇವರಿಗೇ ಮುಡಿಸಿಬಿಟ್ಟಿದ್ದಾಳೆ. ಜೇಡರ, ಅಂಬಿಗರ, ಮಡಿವಾಳ ಎಂಬ ವೃತ್ತಿನಾಮಗಳ ಸಾಲಿನಲ್ಲಿಯೇ ಆಕೆಯ ವೃತ್ತಿನಾಮವನ್ನೂ ಮರೆಸದೆ ಉಳಿಸಿದ ಶರಣಪರಂಪರೆಯು ಕುಲಸ್ತ್ರೀಯೆಂದೂ ಸೂಳೆಯೆಂದೂ ಹೆಣ್ಣುಗಳನ್ನು ಎರಡು ಜಾತಿ ಮಾಡಲು ಒಪ್ಪಲಿಲ್ಲವೆನ್ನಬೇಕು. ಹೊರಗಿನ ಸಮಾಜಕ್ಕೆ ಈ ಎರಡು ಜಾತಿಗಳೂ ಅಗತ್ಯವಾಗಿದ್ದವು: ಗೌರವವನ್ನು ಕೊಟ್ಟು ಬಯಕೆಯನ್ನು ಕಸಿದುಕೊಳ್ಳಲು ಒಬ್ಬಳು, ಬಯಕೆಯ ಹೆಸರಿನಲ್ಲಿ ಗೌರವವನ್ನು ಕಸಿದುಕೊಳ್ಳಲು ಇನ್ನೊಬ್ಬಳು.

ಈ ಎರಡನೆಯ ಜಾತಿಗೆ ಸೇರಿದವಳೆಂದು ಎಣಿಸಲ್ಪಟ್ಟ ಒಬ್ಬಾಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಜ್ಜೆಯ ಪ್ರಶ್ನೆಯನ್ನು ಮತ್ತೊಮ್ಮೆ ಎತ್ತಿದಳು. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಸಂಗೀತದಲ್ಲಿಯೂ ಭಾಷೆಗಳಲ್ಲಿಯೂ ಪರಿಶ್ರಮ ಪಡೆದು, ಮದರಾಸಿಗೆ ಹೋಗಿ ನೆಲಸಿದ ಬೆಂಗಳೂರು ನಾಗರತ್ನಮ್ಮ ಎಂಬಾಕೆ ಇವಳು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಪುಣ್ಯವತಿಯೆಂದು ಆಕೆಯನ್ನು ಸಂಗೀತಪ್ರಿಯರೆಲ್ಲರೂ ಬಲ್ಲರು. ಆದರೆ ಆಕೆಯ ಇನ್ನೊಂದು ಸಾಹಸವನ್ನು ಬಲ್ಲವರು ಅಷ್ಟು ಮಂದಿಯಿಲ್ಲ. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹ ಮಹಾರಾಜನ ಆಸ್ಥಾನದಲ್ಲಿ ಮುದ್ದುಪಳನಿ ಎಂಬ ಕವಯಿತ್ರಿಯಿದ್ದಳು. ಆಕೆ ತೆಲುಗಿನಲ್ಲಿ ಬರೆದ ರಾಧಿಕಾಸಾಂತ್ವನವೆಂಬ ಕಾವ್ಯದಲ್ಲಿ ರಾಧೆಯು ತಾನೇ ಸಾಕಿ ಬೆಳೆಸಿದ ಇಳೆಯನ್ನು ಕೃಷ್ಣನಿಗೆ ಕೊಟ್ಟು, ಅನಂತರ ಅಸೂಯೆಯಿಂದ ಬೆಂದು, ಕೊನೆಗೆ ಕೃಷ್ಣನಿಂದಲೇ ಸಾಂತ್ವನವನ್ನು ಪಡೆಯುತ್ತಾಳೆ. ಶೃಂಗಾರಕಾವ್ಯಗಳಿಗೆ ತೆಲುಗಿನಲ್ಲಿ ಬರವಿರಲಿಲ್ಲ. ಇಲ್ಲಿಯ ವಿಶೇಷವೆಂದರೆ ಬಯಕೆಯು ರಾಧೆಯದು, ಬರೆದವಳೂ ಹೆಣ್ಣು.

ಇದನ್ನು ಸಹಿಸದವರು ಸಾಮಾನ್ಯರಾಗಿರಲಿಲ್ಲ. 1881ರಲ್ಲಿಯೇ ರಾಜಮಹೇಂದ್ರಿಯಲ್ಲಿ ವಿಧವಾವಿವಾಹವನ್ನು ನೆರವೇರಿಸಿ, ಅದಕ್ಕಾಗಿ ಬಹಿಷ್ಕಾರದ ಬೆದರಿಕೆಗಳನ್ನು ತಾಳಿಕೊಂಡ ಕಂದುಕೂರಿ ವೀರೇಶಲಿಂಗಂ ಪಂತುಲು ಅವರೇ ಮುದ್ದುಪಳನಿಯನ್ನು ಜಾರಿಣಿಯೆಂದು ಜರೆದು, ಸ್ತ್ರೀಯಾದವಳ ಬಾಯಲ್ಲಿ ಬರಬಾರದ ಮಾತುಗಳು ಕಾವ್ಯದಲ್ಲಿವೆಯೆಂದು ಆಕ್ಷೇಪಿಸಿದರು. ವಿಧವೆಯ ಕಣ್ಣೀರಿಗೆ ಕರಗಿದ ಮಹನೀಯರು ಹೆಣ್ಣಿನ ಬಯಕೆಯ ಮುಂದೆ ಕಲ್ಲಾದರು. ಕರುಣೆಗೆ ಪಾತ್ರಳಾದ ಹೆಣ್ಣನ್ನು ಸುಧಾರಕನು ಎತ್ತಿ ನಿಲ್ಲಿಸಬಲ್ಲನು. ಕರುಣೆಯನ್ನು ಬೇಡದೆ ತನ್ನ ಸುಖವನ್ನು ತಾನೇ ನುಡಿಯುವವಳ ಮುಂದೆ ಅವನಿಗೂ ಕೈಕಾಲು ಆಡುವುದಿಲ್ಲ. ನಾಗರತ್ನಮ್ಮ ಹಸ್ತಪ್ರತಿಯನ್ನು ಹುಡುಕಿಸಿ, ಹಿಂದಿನ ಮುದ್ರಣದಲ್ಲಿ ಬಿಟ್ಟುಹೋಗಿದ್ದ ಪದ್ಯಗಳನ್ನು ಸೇರಿಸಿ, 1910ರಲ್ಲಿ ಮದರಾಸಿನ ವಾವಿಳ್ಳ ಸಂಸ್ಥೆಯ ಮೂಲಕ ಕಾವ್ಯವನ್ನು ಪ್ರಕಟಪಡಿಸಿದಳು. ಆಕೆ ಪೀಠಿಕೆಯಲ್ಲಿ ಪಂತುಲು ಅವರಿಗೆ ಕೊಟ್ಟ ಉತ್ತರದ ಸಾರವಿಷ್ಟೆ: ನಾಚಿಕೆಯೆಂಬುದು ಹೆಂಗಸರಿಗೆ ಮಾತ್ರ ವಿಧಿಸಿದ್ದೋ, ಗಂಡಸರಿಗೆ ಅದು ಇಲ್ಲವೋ? ಪುರುಷರು ರಚಿಸಿದ ಇದಕ್ಕಿಂತ ಹಸಿಯಾದ ಶೃಂಗಾರವು ಮಾನ್ಯವಾಗುವುದಾದರೆ ಇದೇಕೆ ಅಮಾನ್ಯ? ಈ ಪ್ರಶ್ನೆಗೆ ತರ್ಕಬದ್ಧವಾದ ಉತ್ತರವು ಬರಲಿಲ್ಲ; ಪೊಲೀಸರು ಬಂದರು. 1911ರಲ್ಲಿ ಆಂಗ್ಲ ಸರಕಾರವು ಪುಸ್ತಕವನ್ನು ಅಶ್ಲೀಲವೆಂದು ಮುಟ್ಟುಗೋಲು ಹಾಕಿತು. ಆ ನಿಷೇಧವು ತೆರವಾದುದು 1947ರಲ್ಲಿ, ಟಂಗುಟೂರಿ ಪ್ರಕಾಶಂ ಅವರ ಪ್ರಯತ್ನದಿಂದ. ಕಾವ್ಯವು ಮತ್ತೆ ಅಚ್ಚಾದ 1952ರಲ್ಲಿಯೇ ನಾಗರತ್ನಮ್ಮ ತೀರಿಕೊಂಡಳು.

ಇಷ್ಟರಿಂದ ನಾಗರತ್ನಮ್ಮನ ಪಕ್ಷವೇ ಎಲ್ಲ ವಿಷಯದಲ್ಲಿಯೂ ಸರಿಯೆಂದು ತೀರ್ಮಾನಿಸುವುದು ಆತುರವಾದೀತು. 1927ರಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಮದರಾಸು ಶಾಸನಸಭೆಯಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ನಿರ್ಣಯವನ್ನು ತಂದಾಗ ನಾಗರತ್ನಮ್ಮನೂ ಆಕೆಯ ಸಂಗಡಿಗರೂ ವಿರೋಧಿಸಿದರು. ಮುತ್ತುಲಕ್ಷ್ಮಿಯವರ ತಾಯಿಯೂ ಅದೇ ಸಮುದಾಯದಿಂದ ಬಂದವರು. ಅಣ್ಣತಮ್ಮಂದಿರೂ ಪುರೋಹಿತರೂ ಕೂಡಿ ಬುದ್ಧಿ ತಿಳಿಯದ ಹುಡುಗಿಗೆ ಮುತ್ತು ಕಟ್ಟಿಸಿದಾಗ ಅವಳ ಬಯಕೆಯ ಮಾತೆಲ್ಲಿ ಬಂದಿತೆಂಬುದು ಒಬ್ಬರ ಪ್ರಶ್ನೆ. ವಿದ್ಯೆ, ಕಲೆ, ಭೂಮಿ ಮೂರನ್ನೂ ಉಳಿಸಿಕೊಂಡಿದ್ದ ಹೆಣ್ಣುಗಳನ್ನೆಲ್ಲ ಒಮ್ಮೆಗೇ ಪತಿತೆಯರೆಂದು ಹೆಸರಿಟ್ಟು ಬೀದಿಪಾಲು ಮಾಡುವುದು ಯಾವ ಉದ್ಧಾರವೆಂಬುದು ಇನ್ನೊಬ್ಬರ ಪ್ರಶ್ನೆ. 1980ರ ದಶಕದಲ್ಲಿ ಪಾಶ್ಚಾತ್ಯ ಸ್ತ್ರೀವಾದಿಗಳು ಎರಡು ಬಣವಾಗಿ, ಅಸಮಾನ ಸಮಾಜದಲ್ಲಿ ಹೆಣ್ಣಿನ ಸಮ್ಮತಿಗೆ ಬೆಲೆಯಿದೆಯೇ ಎಂದು ಒಂದು ಬಣವೂ, ಅವಳನ್ನು ಬಲಿಪಶುವೆಂದು ಮಾತ್ರ ಕಂಡರೆ ಅವಳ ಸುಖವನ್ನು ಹೇಳುವವರಾರೆಂದು ಮತ್ತೊಂದು ಬಣವೂ ವಾದಿಸಿದುದು ಇದೇ ತೊಡಕನ್ನು ಹಿಡಿದು. ಮುತ್ತು ಕಟ್ಟುವುದನ್ನು ಕಾನೂನು ತಡೆಯಲೇಬೇಕಾಗಿತ್ತು. 1947ರಲ್ಲಿ ಮದರಾಸಿನಲ್ಲಿಯೂ 1982ರಲ್ಲಿ ಕರ್ನಾಟಕದಲ್ಲಿಯೂ ಅಂಥ ಕಾನೂನುಗಳಾದವು. ಹುಡುಗಿಯು ಒಲ್ಲೆನೆನ್ನಲು ಅವಕಾಶವಿಲ್ಲದ ಕಡೆ ಅವಳು ಒಪ್ಪಿದಳೆಂಬ ಮಾತಿಗೆ ಅರ್ಥವೇ ಇಲ್ಲ.

ಒಲ್ಲೆನೆಂಬ ಮಾತಿನ ಕೊರತೆಯು ದೇವದಾಸಿಯರಿಗೆ ಮಾತ್ರ ಇದ್ದುದಲ್ಲ, ಕುಲಸ್ತ್ರೀಯರಿಗೂ ಇದ್ದಿತು. 1860ರ ಭಾರತೀಯ ದಂಡಸಂಹಿತೆಯ 497ನೆಯ ಕಲಮಿನಂತೆ ಪರರ ಹೆಂಡತಿಯೊಡನೆ ಕೂಡಿದವನಿಗೆ ಶಿಕ್ಷೆಯಿತ್ತು. ಆದರೆ ಅವಳ ಗಂಡನ ಸಮ್ಮತಿಯಿದ್ದ ಪಕ್ಷದಲ್ಲಿ ಅದು ಅಪರಾಧವೇ ಆಗುತ್ತಿರಲಿಲ್ಲ. ಅವಳ ಮೈಗೆ ಸಂಬಂಧಿಸಿದ ಸಮ್ಮತಿಯನ್ನು ಕೊಡತಕ್ಕವನು ಅವನು! ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಈ ಕಲಮನ್ನು ಸಂವಿಧಾನಬಾಹಿರವೆಂದು ತೆಗೆದುಹಾಕಿತು. ಅತ್ಯಾಚಾರದ ವ್ಯಾಖ್ಯೆಯಲ್ಲಿ ಗಂಡನಿಗಿತ್ತ ವಿನಾಯಿತಿ ಮಾತ್ರ ಉಳಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಹದಿನೆಂಟು ತುಂಬಿದ ಹೆಂಡತಿಯ ವಿಷಯದಲ್ಲಿ ಅದನ್ನು ಹಾಗೆಯೇ ಇಟ್ಟುಕೊಂಡಿತು. ಅಂಥ ಆರೋಪವನ್ನು ಎದುರಿಸಿದ ಒಬ್ಬ ಗಂಡನ ಮೇಲಿನ ಮೊಕದ್ದಮೆಯನ್ನು ರದ್ದುಪಡಿಸಲು ಕರ್ನಾಟಕದ ಉಚ್ಚ ನ್ಯಾಯಾಲಯವು 2022ರಲ್ಲಿ ಒಪ್ಪದಿದ್ದಾಗ ಆ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ವಿನಾಯಿತಿಯನ್ನು ತೆಗೆದರೆ ವಿವಾಹಸಂಸ್ಥೆಗೆ ಧಕ್ಕೆ ಬರುವುದೆಂಬುದು ವಿರೋಧಿಗಳ ವಾದ.

ಈ ವಾದವನ್ನು ಕೇಳುವಾಗ ಹರಿಹರನ ರಗಳೆಯನ್ನು ಮತ್ತೊಮ್ಮೆ ತೆರೆದು ನೋಡುವುದು ಉಚಿತ. ತಂದೆತಾಯಿಗಳ ಪ್ರಾಣಕ್ಕೆ ಬಂದ ಬೆದರಿಕೆಯಿಂದ ಅಕ್ಕನು ಮದುವೆಗೆ ಒಡಂಬಡುತ್ತಾಳೆ. ಆದರೆ ಬರಿದೆ ಒಡಂಬಡುವುದಿಲ್ಲ. ಶಿವಪೂಜೆಯಲ್ಲಿ, ಮಾಹೇಶ್ವರರ ಗೋಷ್ಠಿಯಲ್ಲಿ, ಗುರುಸೇವೆಯಲ್ಲಿ ತನ್ನ ಇಚ್ಛೆಯಂತೆ ಇರುವೆನೆಂದು ಕರಾರು ಮಾಡಿಸಿ, ಮೂರು ತಪ್ಪುಗಳ ತನಕ ಸೈರಿಸುವೆನೆಂದು ಹೇಳುತ್ತಾಳೆ. ಕೌಶಿಕನು ಅರಸ, ಒಂದು ಊರಿನ ಹೆಣ್ಣುಮಗಳ ಕರಾರನ್ನು ಕಿತ್ತೊಗೆಯಲು ಅವನಿಗೆ ಕಷ್ಟವಿರಲಿಲ್ಲ. ಆದರೂ ಅವನು ಅದಕ್ಕೆ ಒಪ್ಪಿದನೆಂದು ಹರಿಹರನು ಬರೆಯುತ್ತಾನೆ. ಮದುವೆಯಾದ ಮೇಲೆಯೂ ಹೆಣ್ಣಿನ ಇಚ್ಛೆಯೆಂಬುದೊಂದು ಬೇರೆಯಾಗಿ ಉಳಿದಿರುತ್ತದೆ, ಅದನ್ನು ಮೀರಿದರೆ ತಪ್ಪೆನಿಸುತ್ತದೆ, ತಪ್ಪುಗಳಿಗೆ ಲೆಕ್ಕವಿಡಬಹುದು ಎಂಬ ಭಾವನೆಯು ಆ ಕವಿಗಾಗಲಿ ಆ ಕವಿಯನ್ನು ಓದಿ ತಲೆದೂಗಿದ ಭಕ್ತರಿಗಾಗಲಿ ವಿಪರೀತವೆಂದು ತೋರಲಿಲ್ಲ. ಮೂರನೆಯ ತಪ್ಪಾದ ದಿನ ಆಕೆ ಅರಮನೆಯ ಬಾಗಿಲನ್ನು ದಾಟಿದಳು. ಉಟ್ಟ ಬಟ್ಟೆಯನ್ನೂ ಅಲ್ಲಿಯೇ ಬಿಟ್ಟಳು.